ಗಂಡ ಬಿಟ್ಟಾಕಿಯ ಇಂಗ್ಲಿಷು

ಇಂಗ್ಲಿಷ್ ಕಲಿಸಿ ಕಲಿಸಿ ನನಗೆ ಸಾಕುಸಾಕಾಗಿದೆ. ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಇಷ್ಟು ವರ್ಷ ಎಷ್ಟು ಹುಡುಗಿಯರು ಕೂತು ಎದ್ದು ಹೋದರೋ ಲೆಕ್ಕ ಇಟ್ಟಿಲ್ಲ. ತಪ್ಪುಗಳು ಮಾತ್ರ ಅವೇ. ಮೊನ್ನೆ ಮುಂಡರಗಿ ಕಡೆಯಿಂದ ಬಂದ ಒಬ್ಬಳು ‘ಐ ಅಪ್ಲೈಡ್ ದ ಲ್ಯಾಂಪ್’ ಎಂದು ಬರೆದಳು. “ದೀಪಕ್ಕ ಏನು ಹಚ್ಚಿದಿಯವಾ, ಎಣ್ಣಿಯೋ ಮುಲಾಮೋ?” ಎಂದು ಕೇಳಿದೆ. ಕಣ್ಣು ಪಿಳಿಪಿಳಿ ಬಿಟ್ಟಳು. ಅವಳದಾದರೂ ಏನು ತಪ್ಪು? ನಮ್ಮ ಕಡೆ ದೀಪ ಹಚ್ಚುತ್ತೇವೆ, ತಲೆಗೆ ಎಣ್ಣೆ ಹಚ್ಚುತ್ತೇವೆ, ಹಿತ್ತಲಲ್ಲಿ ಗಿಡ ಹಚ್ಚುತ್ತೇವೆ, ಸೊಸೆಯನ್ನು ಕೆಲಸಕ್ಕೆ ಹಚ್ಚುತ್ತೇವೆ, ಒಬ್ಬರಿಗೊಬ್ಬರನ್ನು ಹಚ್ಚಿಕೊಟ್ಟು ಜಗಳ ನೋಡುತ್ತೇವೆ. ಒಂದೇ ‘ಹಚ್ಚು’ ಎಲ್ಲ ಮನೆಗೂ ದುಡಿಯುತ್ತದೆ. ಇಂಗ್ಲಿಷಿನಲ್ಲಿ ಆ ಸಲಿಗೆ ಇಲ್ಲ. ದೀಪಕ್ಕೆ ಲೈಟ್, ಎಣ್ಣೆಗೆ ಅಪ್ಲೈ, ಗಿಡಕ್ಕೆ ಪ್ಲಾಂಟ್. ಯಾವ ಪದದ ಪಕ್ಕ ಯಾವ ಪದ ಕೂಡಬೇಕು ಎಂಬುದನ್ನು ಅವರ ಹಿರಿಯರು ಯಾವಾಗಲೋ ಗೊತ್ತು ಮಾಡಿಟ್ಟಿದ್ದಾರೆ. ಯಾಕೆ ಎಂದು ಕೇಳುವ ಹಾಗಿಲ್ಲ, ಬಾಯಿಪಾಠ ಮಾಡಬೇಕು.

ಹೀಗೆ ಜೋಡಿ ಹಾಕುವುದನ್ನು ನನಗೆ ಕಲಿಸಿದವರು ಒಬ್ಬ ಅಕ್ಕೋರು. ಶಾಲೆಯಲ್ಲಿ ಕಲಿಸುವ ಹೆಂಗಸಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಆಗ ಸ್ವಾತಂತ್ರ್ಯ ಬಂದು, ಸಂಸ್ಥಾನಗಳೆಲ್ಲ ಒಂದೊಂದಾಗಿ ವಿಲೀನವಾಗಿದ್ದವು. ನನ್ನ ಗಂಡನ ಊರು ಲಕ್ಷ್ಮೇಶ್ವರ ಅಲ್ಲಿಯವರೆಗೆ ಸಂಸ್ಥಾನದ್ದು. ತವರು ಬೆಟಗೇರಿ ಮುಂಬಯಿ ಸರಕಾರದ್ದು. ಈಗ ಎರಡೂ ಮುಂಬಯಿಯವೇ ಆಗಿದ್ದವು. ಅಷ್ಟಕ್ಕೂ ತೃಪ್ತಿಯಿಲ್ಲದೆ, ಕನ್ನಡ ಮಾತಾಡುವವರೆಲ್ಲ ಒಂದೇ ರಾಜ್ಯದಲ್ಲಿ ಕೂಡಬೇಕು ಎಂದು ಪಕ್ಕದ ಗದಗಿನ ಬಯಲಿನಲ್ಲಿ ಮೇಲಿಂದ ಮೇಲೆ ಸಭೆ. ಕೂಡಬೇಕು, ಕೂಡಬೇಕು ಎಂದು ಊರಿಗೆ ಊರೇ ಕೂಗುತ್ತಿರುವಾಗ ನಾನೊಬ್ಬಳು ಬಿಟ್ಟು ಬಂದು ತವರಿನಲ್ಲಿ ಕೂತಿದ್ದೆ.

ಬಿಟ್ಟು ಬಂದದ್ದು ಯಾಕೆ ಎಂದು ಹೇಳಿದರೆ ಈಗಲೂ ಜನ ನಗುತ್ತಾರೆ. ನಗಲಿ. ನನ್ನ ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಲಕ್ಷ್ಮೇಶ್ವರದ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತ. ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಅವನ ಗೆಳೆಯನೊಬ್ಬ ಬಂದು ಬಾಗಿಲಲ್ಲಿ ಕೂಗಿದ. ಯಾರು ಬಂದರೂ ಊರಲ್ಲಿಲ್ಲ ಎಂದು ಹೇಳು ಎಂದು ಗಂಡ ಹೇಳಿ ಮಲಗಿದ್ದ. ನಾನು ಹಿಟ್ಟು ನಾದುತ್ತಿದ್ದವಳು ಮರೆತು “ಮಲಗ್ಯಾರ್ರಿ, ಎಬ್ಬಸ್ಲೇನು?” ಎಂದುಬಿಟ್ಟೆ. ಗೆಳೆಯ ಒಳಗೆ ನುಗ್ಗಿ ಎಬ್ಬಿಸಿದ. ಅಷ್ಟೇ ನಡೆದದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆವತ್ತಿನಿಂದ ಗಂಡ ನನ್ನ ಕೂಡ ಮಾತು ಬಿಟ್ಟ.

ನಾಲ್ಕು ದಿನದ ಸಿಟ್ಟು ಎಂದುಕೊಂಡೆ. ವರ್ಷ ತಿರುಗಿತು. ನಾನು ಎದುರಿಗೇ ನಿಂತಿರುತ್ತಿದ್ದೆ, ಅವನು ತಾಯಿಯ ಕಡೆ ತಿರುಗಿ “ಅವ್ವಾ, ಅಕಿಗೆ ಚಾ ಮಾಡಂತ ಹೇಳು” ಎನ್ನುತ್ತಿದ್ದ. ಅತ್ತೆ ಒಳ್ಳೆಯ ಹೆಂಗಸು, ನಾಚಿಕೆಯಿಂದ ಅದನ್ನೇ ಇನ್ನೊಮ್ಮೆ ನನಗೆ ಹೇಳುತ್ತಿದ್ದಳು. ಮುಂದೆ ಅತ್ತೆ ಜೀವ ಬಿಟ್ಟಳು. ಇನ್ನಾದರೂ ಬಾಯಿ ಬಿಟ್ಟಾನು ಎಂದು ಆಸೆಪಟ್ಟೆ. ಎಲ್ಲಿಂದ! ಅವನು ಪಡಸಾಲೆಯ ಕಂಬದ ಕೂಡ ಮಾತಾಡತೊಡಗಿದ. “ಇವತ್ತ ಊಟಕ್ಕ ಬರೂದಿಲ್ಲ” ಎಂದು ಕಂಬಕ್ಕೆ ಹೇಳಿ ಹೋಗುವನು. “ಅಂಗಿ ಒಗದಿಲ್ಲ” ಎಂದು ಕಂಬವನ್ನು ಬೈಯುವನು. ಕಂಬಕ್ಕೆ ಬೈದದ್ದನ್ನು ನಾನು ಒಗೆಯುತ್ತಿದ್ದೆ. ದಣಿವು ಅಂದರೆ ಎಂಥದು ಎಂಬುದು ನನಗೆ ಆ ಮನೆಯಲ್ಲಿ ಗೊತ್ತಾಯಿತು. ಕೈಕಾಲಿನ ದಣಿವು ಮಲಗಿದರೆ ಹೋಗುತ್ತದೆ; ಅದು ಹೋಗಲಿಲ್ಲ. ಒಂದು ದಿನ ಅವನು ಊಟ ಮಾಡುತ್ತಿರುವಾಗ ನಾನೂ ಕಂಬದ ಕಡೆ ತಿರುಗಿ, “ನಾ ಬೆಟಗೇರಿಗೆ ಹೊಂಟೀನಿ. ತಿರುಗಿ ಬರಂಗಿಲ್ಲ” ಎಂದು ಹೇಳಿದೆ. ಅವನು ತುತ್ತು ನುಂಗಿದ, ಇನ್ನೊಂದು ರೊಟ್ಟಿ ಮುರಿದ. ನಾನು ಗಂಟು ಎತ್ತಿಕೊಂಡು ಬಸ್ಸು ನಿಲ್ಲುವ ಕಡೆ ನಡೆದೆ.

ಬೆಟಗೇರಿಯ ನೇಕಾರರ ಓಣಿಯಲ್ಲಿ ನನ್ನ ಹೆಸರು ಹೋಗಿ ‘ಗಂಡ ಬಿಟ್ಟಾಕಿ’, ಅಂದರೆ ಗಂಡ ಬಿಟ್ಟವಳು, ಎಂದಾಯಿತು. ಗಂಡ ಇವಳನ್ನು ಬಿಟ್ಟನೋ, ಇವಳೇ ಗಂಡನನ್ನು ಬಿಟ್ಟಳೋ, ಎರಡೂ ಆ ಮಾತಿನಲ್ಲಿ ಹಿಡಿಸುತ್ತವೆ. ಹೇಳುವವರು ಮಾತ್ರ ಮೊದಲನೆಯದನ್ನೇ ಹೇಳುತ್ತಿದ್ದರು, ಕೇಳುವವರೂ ಅದನ್ನೇ ಕೇಳುತ್ತಿದ್ದರು. ಅಪ್ಪ ತಾನು ನೇಯ್ದ ಸೀರೆಗಳ ಗಂಟು ಹೊತ್ತು ಶಿರಹಟ್ಟಿ, ಮುಂಡರಗಿಯ ಸಂತೆಗಳಿಗೆ ಹೋಗುತ್ತಿದ್ದ. ಅಲ್ಲಿಯೂ ಗುರುತಿನವರು ಕೇಳುವರು. “ಹೌದ್ರಿ, ಗಂಡ ಬಿಟ್ಟಾಕಿ” ಎನ್ನುವನು. ಅವರು “ಛೇ, ಎಂಥಾ ಮನಷ್ಯಾರೀ ಆಂವ” ಎಂದು ನನ್ನ ಗಂಡನನ್ನು ಬೈದು ಅಪ್ಪನಿಗೆ ಎಲೆಅಡಿಕೆ ಕೊಡುವರು. ಅಪ್ಪ ಸುಳ್ಳು ಹೇಳಿದಂತೆಯೂ ಆಗುತ್ತಿರಲಿಲ್ಲ, ಖರೆ ಹೇಳಿದಂತೆಯೂ ಆಗುತ್ತಿರಲಿಲ್ಲ. ನಾನು ಬಂದ ದಿನವೇ ಅಪ್ಪನಿಗೆ ಎಲ್ಲವನ್ನೂ ಹೇಳಿದ್ದೆ. ಅವನು ಸುಮ್ಮನೆ ಕೇಳಿಸಿಕೊಂಡು ಮಗ್ಗಕ್ಕೆ ಹೋಗಿ ಕೂತಿದ್ದ. ಆ ವಿಷಯ ಮತ್ತೆ ಎತ್ತಲಿಲ್ಲ.

ಮನೆಯಲ್ಲಿ ಅಣ್ಣ, ವೈನಿ, ಅವರ ಮಕ್ಕಳು. ವೈನಿ ಕೆಟ್ಟವಳಲ್ಲ. ಆದರೆ ರೊಟ್ಟಿ ಬಡಿಯುವಾಗ “ಇನ್ನೊಂದು ಹಾಕ್ಲೇನ್ರಿ?” ಎಂದು ನನಗೆ ಮಾತ್ರ ‘ರಿ’ ಹಚ್ಚಿ ಕೇಳುತ್ತಿದ್ದಳು, ಬೀಗರನ್ನು ಕೇಳಿದ ಹಾಗೆ. ಬೀಗರು ಎಷ್ಟು ದಿನ ಇರಬೇಕು? ನನಗೆ ನನ್ನ ರೊಟ್ಟಿ ಬೇಕಾಗಿತ್ತು. ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿ ನರ್ಸ್ ತರಬೇತಿಗೆ ಹೆಂಗಸರನ್ನು ತೆಗೆದುಕೊಳ್ಳುತ್ತಾರಂತೆ, ಇರಲು ಕೋಣೆ, ಊಟ, ಮೇಲೆ ಸ್ವಲ್ಪ ಸಂಬಳವನ್ನೂ ಕೊಡುತ್ತಾರಂತೆ ಎಂಬ ಖಬರ ಬಂತು. ಅದರಲ್ಲಿ ವಿಧವೆಯರಿಗೆ, ಗಂಡ ಬಿಟ್ಟವರಿಗೆ ಕೆಲವು ಜಾಗ ಬೇರೆ ತೆಗೆದಿಟ್ಟಿದ್ದರು. ಅವಕ್ಕೆ ನನ್ನ ಹಾಗೆ ಕನ್ನಡ ಏಳನೆಯ ಇಯತ್ತೆ ಪಾಸಾಗಿದ್ದರೆ ಸಾಕು, ಆದರೆ ನಾಲ್ಕು ಮಾತು ಇಂಗ್ಲಿಷ್ ಬರಬೇಕು. ಸಂದರ್ಶನ ಇಂಗ್ಲಿಷಿನಲ್ಲೇ.

ಗದಗ ಸ್ಟೇಶನ್ನಿನ ಹತ್ತಿರದ ಓಣಿಯಲ್ಲಿ ಅಕ್ಕೋರು ಒಬ್ಬರೇ ಇದ್ದರು. ಸಣ್ಣ ವಯಸ್ಸಿನಲ್ಲೇ ವಿಧವೆಯಾಗಿ, ಓದಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಬಾಯಿ ಬಲು ಖಾರ. ವ್ಯಾಕರಣ ಕಲಿಸಲು ಈಗ ಪುರಸೊತ್ತಿಲ್ಲ, ಜೋಡಿಪದ ಕಲಿ ಎಂದರು. ದಿನಕ್ಕೊಂದು ಕನ್ನಡದ ಕ್ರಿಯಾಪದ ಹಿಡಿದು, ಅದು ಯಾವ ಯಾವ ಮಾತಿಗೆ ಅಂಟಿಕೊಳ್ಳುತ್ತದೆ ಎಂದು ನನ್ನ ಬಾಯಿಂದ ಹೊರಡಿಸಿ, ಒಂದೊಂದಕ್ಕೂ ಇಂಗ್ಲಿಷಿನ ಬೇರೆ ಜೋಡಿ ಕೊಡುತ್ತಿದ್ದರು. ‘ತಿನ್ನು’ ಹಿಡಿದ ದಿನ ನಾನು “ರೊಟ್ಟಿ ತಿಂದ, ಪೆಟ್ಟು ತಿಂದ, ಲಂಚಾ ತಿಂದ, ತಲಿ ತಿಂದ” ಎಂದೆ. “ಅದರಾಗ ಈಟ್ ಆಗೋದು ರೊಟ್ಟಿ ಒಂದಕ್ಕ” ಎಂದರು ಅಕ್ಕೋರು. “ಲಂಚಕ್ಕ ಟೇಕ್ ಹಚ್ಚಬೇಕು. ಈಟ್ ಎ ಬ್ರೈಬ್ ಅಂದಿ ಅಂದ್ರ ನೋಟು ಜಗದು ನುಂಗಿದಂಗ ಆಗತೈತಿ ನೋಡು.” ‘ಮಾಡು’ ಎಂಬುದಕ್ಕಂತೂ ವಾರ ಹಿಡಿಯಿತು. ತಪ್ಪು ಮಾಡಿದರೆ ಮೇಕ್, ಕೆಲಸ ಮಾಡಿದರೆ ಡೂ, ಸ್ನಾನ ಮಾಡಿದರೆ ಟೇಕ್. ನಾನು ಮನೆಗೆ ಹೋಗುವ ದಾರಿಯುದ್ದ ಗುಣುಗುಟ್ಟುತ್ತಿದ್ದೆ. ಟಾಂಗಾದವರು ತಿರುಗಿ ನೋಡಿ ಪಾಪ ಎನ್ನುತ್ತಿದ್ದರು.

ಸಂದರ್ಶನ ಹತ್ತಿರ ಬಂದಾಗ ‘ಬಿಡು’ ಹಿಡಿದೆವು. ಗಾಡಿ ಬಿಟ್ಟಿತು, ಶಾಲೆ ಬಿಟ್ಟಿತು, ಮಲ್ಲಿಗೆ ಹೂ ಬಿಟ್ಟಿತು, ಸೀರೆ ಬಣ್ಣ ಬಿಟ್ಟಿತು, ಅವನು ಗಡ್ಡ ಬಿಟ್ಟ, ಬೀಡಿ ಬಿಟ್ಟ. ಗಾಡಿಗೆ ಮಾತ್ರ ಲೆಫ್ಟ್ ಒಪ್ಪುತ್ತದೆ, ಉಳಿದವಕ್ಕೆಲ್ಲ ಬೇರೆ ಬೇರೆ. ಬಳ್ಳಿ ಹೂವನ್ನು ಲೆಫ್ಟ್ ಮಾಡುವುದಿಲ್ಲ, ಸೀರೆ ಬಣ್ಣವನ್ನು ಲೆಫ್ಟ್ ಮಾಡುವುದಿಲ್ಲ. ನಾನು ತಲೆ ತಗ್ಗಿಸಿ “ಮಾತು ಬಿಟ್ಟ” ಎಂದೆ. “ಸ್ಟಾಪ್ಡ್ ಟಾಕಿಂಗ್” ಎಂದು ಹೇಳಿಕೊಟ್ಟರು. ಆಮೇಲೆ “ಗಂಡ ಬಿಟ್ಟಾಕಿ” ಎಂದೆ. ಅಕ್ಕೋರು ಕನ್ನಡಕ ತೆಗೆದರು.

“ಇದರಾಗ ಬಿಟ್ಟವರು ಯಾರು?”

“ಹೆಂಗ ಬೇಕಾದ್ರೂ ತಿಳಕೋಬಹುದ್ರಿ” ಎಂದೆ.

“ಇಂಗ್ಲಿಷ್‌ನಾಗ ಯಾರರೆ ಒಬ್ಬರು ಮುಂದ ಬಂದು ನಿಂದ್ರಬೇಕಾಗತೈತವಾ. ಐ ಲೆಫ್ಟ್ ಅನ್ನು, ಇಲ್ಲಾ ಹೀ ಲೆಫ್ಟ್ ಅನ್ನು. ನಡುವ ನಿಂತು ನಡಿಯಂಗಿಲ್ಲ.”

“ನಾನಽ ಬಿಟ್ಟು ಬಂದೀನ್ರಿ ಅಕ್ಕೋರ.”

“ಗೊತ್ತೈತಿ ನನಗ. ಅಲ್ಲೆ ಹೋಗಿ ಅದನ್ನ ಬೊಗಳಬ್ಯಾಡ. ‘ಡೆಸರ್ಟೆಡ್ ವೈಫ್’ ಅಂತ ಒಂದು ಜೋಡಿಪದ ಐತಿ. ಗಂಡ ಕೈಬಿಟ್ಟ ಹೆಂಡತಿ ಅಂತ. ಅಷ್ಟು ಅಂದು ತಲಿ ತಗ್ಗಸು. ಮುಂದ ಯಾರೂ ಕೇಳಂಗಿಲ್ಲ. ಜಾಗಾ ನಿಂದು.”

ಡೆಸರ್ಟೆಡ್ ವೈಫ್, ಡೆಸರ್ಟೆಡ್ ವೈಫ್ ಎಂದು ನನ್ನಿಂದ ನೂರು ಸಲ ಹೇಳಿಸಿದರು. ನಾಲಿಗೆಗೆ ಕೂತಿತು.

ಹುಬ್ಬಳ್ಳಿಗೆ ಬೆಳಗಿನ ಪ್ಯಾಸೆಂಜರಿನಲ್ಲಿ ಹೋದೆ. ಅಪ್ಪ ಸ್ಟೇಶನ್ನಿನವರೆಗೆ ಬಂದು ಬುತ್ತಿಯ ಗಂಟು ಕೊಟ್ಟು ಗಾಡಿ ಬಿಡುವವರೆಗೆ ನಿಂತಿದ್ದ. ಸಂದರ್ಶನದ ಕೋಣೆಯಲ್ಲಿ ಪುಣೆ ಕಡೆಯ ಒಬ್ಬ ಡಾಕ್ಟರಬಾಯಿ, ಪಕ್ಕದಲ್ಲಿ ಆಫೀಸಿನ ಒಬ್ಬ ಕಾರಕೂನ. ಬಾಯಿಯವರಿಗೆ ಕನ್ನಡ ಬಾರದು. ಕಾರಕೂನನಿಗೆ ಕನ್ನಡ, ಮರಾಠಿ ಎರಡೂ ಬರುತ್ತಿದ್ದವು. ಬಾಯಿಯವರು ಇಂಗ್ಲಿಷಿನಲ್ಲಿ ನನ್ನ ಊರು ಕೇಳಿದರು, ಓದು ಕೇಳಿದರು, ರಕ್ತ ನೋಡಿದರೆ ಹೆದರಿಕೆಯೇ ಎಂದು ಕೇಳಿದರು. ‘ಟೇಕ್ ಕೇರ್’, ‘ಡ್ರೆಸ್ ಎ ವೂಂಡ್’ ಎಂದು ಕಲಿತದ್ದನ್ನೆಲ್ಲ ಒಪ್ಪಿಸಿದೆ. ಬಾಯಿಯವರ ಮುಖ ಅರಳಿತು. ಆಮೇಲೆ, ಗಂಡ ಏನು ಮಾಡುತ್ತಾನೆ ಎಂದರು.

ಕಲಿತ ಜೋಡಿಪದ ನಾಲಿಗೆಯ ಮೇಲೆಯೇ ಇತ್ತು. ಹೊರಗೆ ಬರಲಿಲ್ಲ. ಕಾರಕೂನ ಕರುಣೆಯಿಂದಲೇ ಮುಂದೆ ಬಗ್ಗಿ, ಕನ್ನಡದಲ್ಲಿ ಹೇಳವಾ ಎಂದ. “ಗಂಡ ಬಿಟ್ಟಾಕಿ ಅದೀನ್ರಿ” ಎಂದೆ. ಅವನು ಬಾಯಿಯವರ ಕಡೆ ತಿರುಗಿ ಮರಾಠಿಯಲ್ಲಿ ‘ನವರ್‍ಯಾನೇ ಟಾಕಲೇಲಿ’ ಎಂದ. ಲಕ್ಷ್ಮೇಶ್ವರದಲ್ಲಿ ನಮ್ಮ ಮಗ್ಗುಲ ಮನೆಯವರು ಮರಾಠಿಯವರು. ನನಗೆ ಆ ಮಾತು ಚೆನ್ನಾಗಿ ತಿಳಿಯಿತು. ಗಂಡನೇ ಎತ್ತಿ ಎಸೆದ ಹೆಂಗಸು ಎಂದು ಅದರ ಅರ್ಥ. ನಮ್ಮ ಮಾತಿನಲ್ಲಿ ಎರಡೂ ಕಡೆ ಬಾಗಿಲಿತ್ತು, ಅದರಲ್ಲಿ ಒಂದೇ. ನನಗೆ ಮೈಯೆಲ್ಲ ಉರಿಯಿತು. ನಾನೇನು ಹರಿದ ಚಾಪೆಯೇ, ಅವನು ಎತ್ತಿ ಒಗೆಯಲಿಕ್ಕೆ?

ಬಾಯಿಯವರು ಮರುಕದಿಂದ “ಟೆಲ್ ಮೀ, ವ್ಹಾಟ್ ಹ್ಯಾಪನ್ಡ್?” ಎಂದರು. ಸಿಟ್ಟಿನಲ್ಲಿ ಅಕ್ಕೋರು ಕಲಿಸಿದ್ದೆಲ್ಲ ಮರೆತುಹೋಗಿ ನನ್ನ ಬೆಟಗೇರಿ ಕನ್ನಡವೇ ಇಂಗ್ಲಿಷಿನ ಅಂಗಿ ತೊಟ್ಟು ಹೊರಬಿತ್ತು.

“ಹೀ ಲೆಫ್ಟ್ ಟಾಕಿಂಗ್” ಎಂದೆ.

ಮಾತು ಬಿಟ್ಟ ಎಂದು ನಾನು ಹೇಳಿದ್ದು. ಆದರೆ ಇಂಗ್ಲಿಷ್ ಬಲ್ಲವರಿಗೆ ಅದು ಬೇರೆಯೇ ಕೇಳಿಸುತ್ತದೆ: ಅವನು ಏನೋ ಮಾತಾಡುತ್ತಾ ಎದ್ದು ಹೋಗಿಬಿಟ್ಟ ಎಂದು. ವರ್ಷಗಟ್ಟಲೆ ಒಂದು ಮಾತೂ ಆಡದವನು ನನ್ನ ತಪ್ಪಿನಿಂದ ಆ ಕೋಣೆಯಲ್ಲಿ ಮಾತಾಡುತ್ತಾ ಮನೆ ಬಿಟ್ಟು ಹೊರಟಿದ್ದ.

“ಸೋ, ಹೀ ಲೆಫ್ಟ್” ಎಂದರು ಬಾಯಿಯವರು. ಅವನೇ ಬಿಟ್ಟು ಹೋದನೇನು, ಪಾಪ ಎನ್ನುವ ಹಾಗೆ ನಾಲಿಗೆ ಲೊಚಗುಟ್ಟಿ ಪೆನ್ಸಿಲ್ ಎತ್ತಿಕೊಂಡರು. ಕಾರಕೂನ ನನ್ನ ಕಡೆ ನೋಡಿ ಆಯಿತು ಎಂಬಂತೆ ತಲೆ ಆಡಿಸಿದ. ಜಾಗ ಸಿಕ್ಕಿತ್ತು. ಸುಮ್ಮನಿದ್ದರೆ ಮುಗಿದಿತ್ತು. ಸುಳ್ಳು ಕೂಡ ನಾನು ಹೇಳಿರಲಿಲ್ಲ, ತಪ್ಪು ಇಂಗ್ಲಿಷ್ ಹೇಳಿದ್ದೆ ಅಷ್ಟೆ.

ನಾನು ಹರಿಶ್ಚಂದ್ರನ ಮನೆತನದವಳು ಎಂದು ಯಾರೂ ತಿಳಿಯಬೇಡಿ. ಬೇಕಾದಾಗ ಬೇಕಾದಷ್ಟು ಸುಳ್ಳು ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಆವತ್ತು ಸಂಕಟವಾದದ್ದು ಬೇರೆ ಕಾರಣಕ್ಕೆ. ಹುಟ್ಟಿದಾಗಿನಿಂದ ಅವರಿವರು ಹೇಳಿದ್ದನ್ನು ಮಾಡಿದವಳು ನಾನು. ಕಂಬಕ್ಕೆ ಹೇಳಿದ್ದನ್ನೂ ಮಾಡಿದವಳು. ನಾನೇ ಯೋಚಿಸಿ, ನಾನೇ ಕಾಲೆತ್ತಿ ಮಾಡಿದ ಒಂದೇ ಒಂದು ಕೆಲಸ ಆ ಮನೆ ಬಿಟ್ಟದ್ದು. ಅದೂ ಅವನ ಹೆಸರಿಗೆ ಹೋಗುತ್ತಿತ್ತು. ಹೋಗಲಿ ಬಿಡು ಎಂದು ಒಂದು ಮನಸ್ಸು ಹೇಳಿತು. ಹೋಗಲಿ ಬಿಡು ಎಂದು ಹೇಳಿ ಹೇಳಿಯೇ ನಾನು ಅಷ್ಟು ದಣಿದಿದ್ದೆ.

“ನೋ, ಮೇಡಮ್” ಎಂದೆ. “ಐ ಲೆಫ್ಟ್ ಮೈ ಹಸ್ಬಂಡ್.”

ಪೆನ್ಸಿಲ್ ನಿಂತಿತು. ಬಾಯಿಯವರು ತಲೆ ಎತ್ತಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಆಮೇಲೆ ಮೆಲ್ಲಗೆ, ಹಾಗಿದ್ದರೆ ಆ ಜಾಗ ನಿನಗೆ ಕೊಡಲು ಬರುವುದಿಲ್ಲ, ಉಳಿದ ಜಾಗಗಳಿಗೆ ಹೆಚ್ಚು ಓದಿದವರು ಬಂದಿದ್ದಾರೆ ಎಂದು ತಿಳಿಯುವಂತೆ ಬಿಡಿಸಿ ಹೇಳಿದರು. ನಿನ್ನ ಇಂಗ್ಲಿಷ್ ಚೆನ್ನಾಗಿದೆ, ಬಿಡಬೇಡ ಎಂದೂ ಹೇಳಿದರು. ಅದು ನಿಜ. ಆ ದಿನ ನಾನಾಡಿದ್ದರಲ್ಲಿ ತಪ್ಪಿಲ್ಲದ ವಾಕ್ಯ ‘ಐ ಲೆಫ್ಟ್ ಮೈ ಹಸ್ಬಂಡ್’ ಒಂದೇ ಇದ್ದೀತು.

ಗದಗಿಗೆ ಇಳಿದು ಮೊದಲು ಅಕ್ಕೋರ ಮನೆಗೆ ಹೋದೆ. ಕೇಳಿದವರೇ ಹಣೆ ಹಣೆ ಬಡಿದುಕೊಂಡರು. “ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರ. ನೀ ಬಾಯಾಗಿಂದು ಉಗುಳಿ ಬಂದೀಯಲ್ಲಲೇ ಖೋಡಿ! ಎರಡು ಶಬ್ದ ಕಲಿಸಿದ್ನಿ. ಎರಡಽ ಶಬ್ದ!” ಬೈದು ಬೈದು ಅವರೂ ಸುಸ್ತಾಗಿ, ಅವಲಕ್ಕಿ ತಂದು ಮುಂದಿಟ್ಟರು. ನಾನು ಎದ್ದು ಹೊರಡುವಾಗ “ನಾಳೆ ಬಾ. ‘ಹಾಕು’ ಇನ್ನೂ ಉಳದೈತಿ” ಎಂದರು.

ಬೆಟಗೇರಿಗೆ ನಡೆದು ಹೋದೆ. ಓಣಿಯಲ್ಲಿ ಎಂದಿನಂತೆ ಮನೆಮನೆಯ ಮಗ್ಗಗಳು ಬಡಿಯುತ್ತಿದ್ದವು. ಅಪ್ಪ ಮಗ್ಗದಲ್ಲಿದ್ದ. ಏನಾಯಿತು ಎಂದು ಕಣ್ಣಲ್ಲೇ ಕೇಳಿದ.

“ಸಿಗಲಿಲ್ಲಪಾ. ಗಂಡ ನಿನ್ನ ಬಿಟ್ಟನೋ, ನೀನು ಗಂಡನ್ನ ಬಿಟ್ಟಿಯೋ ಅನ್ನೂ ಮಾತು ಬಂತು. ನಾನಽ ಬಿಟ್ಟೀನಿ ಅಂದೆ. ಹಂಗಿದ್ರ ಇಲ್ಲ ಅಂದ್ರು.”

ಒಳಗಿಂದ ವೈನಿ “ಅಯ್ಯ ಶಿವನ, ಹಂಗ್ಯಾಕ ಅಂದ್ರಿ?” ಎಂದಳು. ಅಪ್ಪ ಏನೂ ಅನ್ನಲಿಲ್ಲ. ತಲೆ ತಗ್ಗಿಸಿ ಲಾಳಿ ಎಸೆಯುತ್ತಲೇ ಇದ್ದ. ಇವನೂ ಮಾತು ಬಿಟ್ಟನೇನೋ ಎಂದುಕೊಂಡೆ. ಗಂಡ ಮಾತು ಬಿಟ್ಟದ್ದನ್ನು ತಡೆದುಕೊಂಡಿದ್ದೆ. ಅಪ್ಪ ಬಿಟ್ಟರೆ ನನ್ನಿಂದ ಆಗುತ್ತಿರಲಿಲ್ಲ. ಕಾಲು ತೊಳೆಯದೆ ಅಲ್ಲೇ ಗೋಡೆಗೆ ಒರಗಿ ಕೂತೆ.

ಹೊತ್ತು ಮುಳುಗುವ ಮುಂದೆ ಎದುರು ಮನೆಯ ಆಯಿ ಕಟ್ಟೆಗೆ ಬಂದು ಕೂತಳು. ಓಣಿಯ ಹಿರಿಯ ಮುದುಕಿ, ಕಿವಿ ಮಂದ. ನಾನು ಹುಬ್ಬಳ್ಳಿಗೆ ಹೋದದ್ದು ಓಣಿಗೆಲ್ಲ ಗೊತ್ತಿತ್ತು.

“ಏನಪಾ, ಮಗಳಿಗೆ ಜಾಗಾ ಸಿಕ್ತೇನು?” ಎಂದು ಅಲ್ಲಿಂದಲೇ ಕೂಗಿದಳು. “ಪಾಪ, ಗಂಡ ಬಿಟ್ಟಾಕಿ. ಎಲ್ಲೆರೆ ಒಂದು ದಾರಿ ಆಗಬೇಕಲ್ಲಾ.”

ಅಪ್ಪ ಲಾಳಿ ನಿಲ್ಲಿಸಿದ. ಮಗ್ಗದಿಂದ ಎದ್ದು, ನನ್ನ ಕಡೆ ನೋಡದೆ ಹೊಸ್ತಿಲಿಗೆ ಹೋಗಿ ನಿಂತ.

“ಗಂಡ ಬಿಟ್ಟಾಕಿ ಅಲ್ಲಬೇ ಆಯಿ ಅಕಿ. ಗಂಡನ್ನ ಬಿಟ್ಟಾಕಿ.”

“ಆಂ? ಏನಂದಿ?” ಮುದುಕಿ ಕಿವಿಗೆ ಕೈ ಹಚ್ಚಿದಳು.

ಅಪ್ಪನ ದನಿ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ. “ಗಂಡನ್ನ!” ಎಂದು ಕೂಗಿದ. “ಗಂಡನ್ನ ಬಿಟ್ಟು ಬಂದಾಳ ನನ್ನ ಮಗಳು!”

ಮಗ್ಗುಲ ಮನೆಯ ಮಗ್ಗ ನಿಂತಿತು. ಅದರಾಚೆಯದೂ ನಿಂತಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಲಕ್ಷ್ಮೇಶ್ವರ ಬಿಟ್ಟು ಬಂದ ದಿನವೂ ನಾನು ಅತ್ತಿರಲಿಲ್ಲ.